ಕೊರ್ದೋಬಾದಲ್ಲಿ ಮನೆ ನೋಡಿದ್ದು

ಗಂಡಿನ ಮನೆಯ ಮುಂದೆ ಅಷ್ಟುದ್ದದ ಸಾಲು ನೋಡಿ ಗಂಗಕ್ಕ ನಡುಬೀದಿಯಲ್ಲೇ ನಿಂತಳು.

"ಗುರುಲಿಂಗಪ್ಪಾ, ಇವರೆಲ್ಲಾ ಯಾರು?"

"ಮನಿ ನೋಡಾಕ ಬಂದಾರಂತ್ರಿ ಅಕ್ಕಾ." ದಾರಿಯಲ್ಲಿ ಸೀಮಾ ನನಗೆ ಹೇಳಿದ್ದು ಅಷ್ಟೇ.

"ಇಷ್ಟು ಮಂದಿ? ಎಲ್ಲಾರೂ ಹೆಣ್ಣು ಕೊಡೋರೇನ?"

ನಾನು ಬಾಯಿ ತೆರೆಯುವುದರೊಳಗೆ ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ಸಾಲಿನೊಳಗೆ ನುಗ್ಗಿಯಾಗಿತ್ತು. ಟೋಪಿ ಹಾಕಿದ ಮುದುಕರು, ಕ್ಯಾಮೆರಾ ಹಿಡಿದ ಹುಡುಗಿಯರು, ಎಲ್ಲರನ್ನೂ ಮೊಣಕೈಯಿಂದ ಸರಿಸುತ್ತ, "ಸರೀರಿ, ಸರೀರಿ, ಮಾತಾಡಿ ಇಟ್ಟ ಸಂಬಂಧ ಇದು. ನೀವು ಬ್ಯಾರೆ ಮನಿ ನೋಡ್ಕೋರಿ" ಎನ್ನುತ್ತಿದ್ದಳು. ಬಾಗಿಲು ಕಾಯುವವನು ತಡೆಯಲು ಕೈ ಎತ್ತಿದ. ಗಂಗಕ್ಕ ಆ ಕೈಗೊಂದು ನಮಸ್ಕಾರ ಹಾಕಿ ಒಳಗೆ ನಡೆದಳು.

ಕೊರ್ದೋಬಾ ಸ್ಪೇನಿನ ದಕ್ಷಿಣಕ್ಕಿರುವ ಹಳೆಯ ಊರು. ಮೇ ತಿಂಗಳಲ್ಲಿ ಅಲ್ಲಿನವರು ಮನೆಯ ಒಳಅಂಗಳವನ್ನು ಹೂವಿನ ಕುಂಡಗಳಿಂದ ಸಿಂಗರಿಸಿ ಬಾಗಿಲು ತೆರೆದಿಡುತ್ತಾರೆ. ದೇಶಾಂತರದ ಜನ ಬಂದು ನೋಡುತ್ತಾರೆ, ಚಂದದ ಅಂಗಳಕ್ಕೆ ಬಹುಮಾನವೂ ಇದೆ. ಇದನ್ನೆಲ್ಲ ಸೀಮಾ ವಿವರವಾಗಿ ಹೇಳಿದ್ದು ಆಮೇಲೆ. ಅಷ್ಟರಲ್ಲಿ ಹೆಣ್ಣಿನ ಕಡೆಯವರ ಮಾನ ಅದೇ ಅಂಗಳದಲ್ಲಿ ಹೋಗಿಬಿಟ್ಟಿತ್ತು.

ಸೀಮಾ ನನ್ನ ತಂಗಿಯ ಮಗಳು. ತಂಗಿ ತೀರಿಕೊಂಡಾಗ ಹುಡುಗಿ ಇನ್ನೂ ತೊದಲುತ್ತಿದ್ದಳು. ಅವಳನ್ನು ನಮ್ಮ ಕಲಬುರಗಿ ಜಿಲ್ಲೆಯ ಗೊಬ್ಬೂರಿನಲ್ಲಿ ಸಾಕಿ ಬೆಳೆಸಿದವಳು ಈ ಗಂಗಕ್ಕ, ಅವಳಪ್ಪನ ಅಕ್ಕ. ಸೀಮಾ ಕಡಗಂಚಿಯ ವಿಶ್ವವಿದ್ಯಾಲಯದಲ್ಲಿ ಓದಿ, ಕಡಲೆಯ ರೋಗದ ಮೇಲೆ ಸಂಶೋಧನೆ ಮಾಡಲು ಕೊರ್ದೋಬಾಕ್ಕೆ ಬಂದಳು. ನಮ್ಮ ಹೊಲದಲ್ಲಿ ಬೇಕಾದಷ್ಟು ರೋಗ ಇರುವಾಗ ಅಷ್ಟು ದೂರ ಹೋಗುವುದೇಕೆ ಎಂದು ಗಂಗಕ್ಕ ಆಗಲೇ ಕೇಳಿದ್ದಳು. ಅಲ್ಲಿ ಲೊರೆನ್ಸೊ ಎಂಬ ಹುಡುಗ ಸಿಕ್ಕಿದ. ಬೆಳ್ಳಿ ತಂತಿ ಎಳೆದು ಕಿವಿಯೋಲೆ, ಪದಕ ಮಾಡುವ ಕಸುಬಿನವನು. ಮದುವೆಯಾಗುತ್ತೇನೆ ಎಂದು ಸೀಮಾ ಫೋನಿನಲ್ಲಿ ಹೇಳಿದಾಗ ಗಂಗಕ್ಕ ಅಳಲಿಲ್ಲ, ಬೈಯಲಿಲ್ಲ. "ಮನಿ ನೋಡದ ಹೆಣ್ಣು ಕೊಡೂದು ನಮ್ಮಲ್ಲಿ ಇಲ್ಲ" ಎಂದಳು. ಸೀಮಾಳ ಅಪ್ಪನಿಗೆ ವಿಮಾನವೆಂದರೆ ಎದೆ ಹಾರುತ್ತದೆ. ಹೀಗಾಗಿ ಅಫಜಲಪುರದ ನನ್ನ ಅರಿವೆ ಅಂಗಡಿಗೆ ಬೀಗ ಹಾಕಿ, ಸೋದರಮಾವನಾದ ನಾನು ಜೊತೆಗೆ ಹೊರಟೆ.

ಮನೆ ನೋಡುವುದಕ್ಕೆ ಗಂಗಕ್ಕನ ಮನೆತನದಲ್ಲಿ ಒಂದು ಕಟ್ಟುನಿಟ್ಟಿನ ಪದ್ಧತಿ ಇದೆ. ಗಂಡಿನ ಮನೆಗೆ ಹೋದವರು ಒಪ್ಪುವತನಕ ಸಿಹಿ ಬಾಯಿಗೆ ಹಾಕುವಂತಿಲ್ಲ. ಆ ಮನೆಯಲ್ಲೂ ಇಲ್ಲ, ಆ ಊರಿನಲ್ಲೂ ಇಲ್ಲ. ರೊಟ್ಟಿ ತಿನ್ನಬಹುದು, ಖಾರ ತಿನ್ನಬಹುದು, ನೀರು ಕುಡಿಯಬಹುದು. ಸಿಹಿ ತಿಂದರೆ ಹೆಣ್ಣು ಕೊಟ್ಟಂತೆ. ಆಮೇಲೆ ಹುಡುಗ ಕುಂಟನೆಂದು ಗೊತ್ತಾದರೂ ಹಿಂದೆ ಸರಿಯುವಂತಿಲ್ಲ. ಸೀಮಾ ಇದನ್ನೆಲ್ಲ ಬಲ್ಲಳು. ಗಂಗಕ್ಕ ಸಿಹಿ ತಿನ್ನದೆ ತಾನು ಮದುವೆಯಾಗುವುದಿಲ್ಲ ಎಂದು ಹುಡುಗನಿಗೂ ಹೇಳಿಬಿಟ್ಟಿದ್ದಳು. ಓದಿದ ಹುಡುಗಿ ಇಂಥದಕ್ಕೆ ಗಂಟುಬಿದ್ದಳಲ್ಲ ಎಂದು ನಾನು ಬೇಕಾದಷ್ಟು ಗೊಣಗಿದೆ. ಅವಳು ಕೇಳಲಿಲ್ಲ.

ಹುಡುಗನ ತಾಯಿ ಪಿಲಾರ್ ಅಂಗಳದ ನಡುವೆ ನಿಂತಿದ್ದಳು. ಉದ್ದನೆಯ ಕೋಲಿನ ತುದಿಗೆ ಡಬ್ಬಿ ಕಟ್ಟಿಕೊಂಡು, ಬಿಳಿ ಗೋಡೆಯ ತುದಿಯವರೆಗೂ ತೂಗುಹಾಕಿದ್ದ ನೀಲಿ ಕುಂಡಗಳಿಗೆ ನೀರು ಹನಿಸುತ್ತಿದ್ದಳು. ಗಂಡ ಸತ್ತು ಬಹಳ ವರ್ಷವಾಗಿತ್ತಂತೆ. ಒಬ್ಬನೇ ಮಗ. ನಮ್ಮನ್ನು ನೋಡಿ ಕೋಲು ಬಿಸಾಕಿ ಓಡಿಬಂದು ಗಂಗಕ್ಕನ ಎರಡು ಕೆನ್ನೆಗೂ ಮುತ್ತಿಟ್ಟಳು. ಆಮೇಲೆ ನನ್ನ ಕೆನ್ನೆಗೂ ಇಟ್ಟಳು. ನನ್ನ ಹೆಂಡತಿ ಅಫಜಲಪುರದಲ್ಲಿದ್ದದ್ದು ಒಳ್ಳೆಯದಾಯಿತು.

ಗಂಗಕ್ಕ ಬಾವಿಗೆ ಇಣುಕಿದಳು. ಗೋಡೆ ಬಡಿದು ನೋಡಿದಳು. ಕುಂಡ ಕುಂಡವನ್ನೂ ಪರೀಕ್ಷೆ ಮಾಡಿದಳು.

"ಒಂದು ಮೆಣಸಿನ ಗಿಡ ಇಲ್ಲ, ಕೊತಂಬ್ರಿ ಇಲ್ಲ. ದಿನಾ ಇಷ್ಟು ನೀರು ಹೊತ್ತು ಏನ ತಿಂತಾರ, ಹೂವೇನ?"

ಪಿಲಾರ್ ಒಂದು ತಟ್ಟೆ ತುಂಬ ತಿಂಡಿ ತಂದಳು. ಎಣ್ಣೆಯಲ್ಲಿ ಕರಿದು ಜೇನಿನಲ್ಲಿ ಅದ್ದಿದವು, ಮೇಲೆ ಎಳ್ಳು. ಗಂಗಕ್ಕ ಕೈಮುಗಿದು ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ನಾನು ಕೈ ಚಾಚಿದ್ದೆ, ಅವಳ ಕಣ್ಣು ನೋಡಿ ಆ ಕೈಯಿಂದ ಮೀಸೆ ತಿರುವಿಕೊಂಡೆ. ಪಾಪ, ಪಿಲಾರ್‌ಗೆ ಏನು ತಿಳಿಯಬೇಕು? ಗಂಗಕ್ಕನಿಗೆ ಸಕ್ಕರೆ ಕಾಯಿಲೆ ಎಂದುಕೊಂಡು ಮರುದಿನ ಔಷಧಿ ಅಂಗಡಿಯಿಂದ ಸಪ್ಪೆ ಬಿಸ್ಕೀಟು ತಂದಳು. ಆಗ ಸೀಮಾ ಪದ್ಧತಿಯ ವಿಷಯ ಹೇಳಬೇಕಾಯಿತು. ಪಿಲಾರ್ ಪೂರ್ತಿ ಕೇಳಿಸಿಕೊಂಡು ಜೋರಾಗಿ ನಕ್ಕಳು. ಆಮೇಲೆ ಗಂಗಕ್ಕನನ್ನು ನೋಡುವ ಅವಳ ನೋಟವೇ ಬದಲಾಯಿತು. ಚೌಕಾಸಿ ಬಲ್ಲ ಗಿರಾಕಿ ಅಂಗಡಿಗೆ ಬಂದರೆ ನಾನೂ ಹಾಗೇ ನೋಡುತ್ತೇನೆ.

ನನ್ನ ಪಾಡು ಕೇಳುವವರಿರಲಿಲ್ಲ. ಆ ಊರಿನಲ್ಲಿ ಸಿಹಿಯಲ್ಲದ್ದರಲ್ಲಿ ಹಂದಿ ಇರುತ್ತದೆ, ಹಂದಿ ಇಲ್ಲದ್ದು ಸಿಹಿಯಾಗಿರುತ್ತದೆ. ಊಟದ ಅಂಗಡಿಗೆ ಹೋದರೆ ತಲೆಯ ಮೇಲೆ ಹಂದಿಯ ತೊಡೆಗಳು ಸಾಲಾಗಿ ತೂಗುತ್ತಿರುತ್ತವೆ. ಟೊಮೆಟೊ, ಬ್ರೆಡ್ಡು, ಬೆಳ್ಳುಳ್ಳಿ ಅರೆದು ಮಾಡಿದ ತಣ್ಣನೆಯ ಗಟ್ಟಿ ಸಾರು ತರಿಸಿದರೆ ಅದರ ಮೇಲೂ ಹಂದಿಯ ಚೂರು ಉದುರಿಸಿದ್ದರು. ಗಂಗಕ್ಕ ಚೂರನ್ನು ನೋಡುವ ಮೊದಲೇ ಬಟ್ಟಲು ಮುಟ್ಟಿ, "ಒಗ್ಗರಣಿ ಇಲ್ಲ, ಬಿಸಿ ಇಲ್ಲ. ಒಲಿ ಹಚ್ಚಾಕ ಬ್ಯಾಸರೇನ ಇವರಿಗೆ?" ಎಂದು ದೂಡಿದಳು. ಊರಿನ ಹೆಸರಾಂತ ಮಿಠಾಯಿಯನ್ನು ಗಾಜಿನ ಹಿಂದಿನಿಂದಲಾದರೂ ಕಣ್ತುಂಬ ನೋಡೋಣವೆಂದು ನಿಂತರೆ, ಅದರ ಹೂರಣದಲ್ಲೂ ಹಂದಿ ಇದೆ ಎಂದಳು ಸೀಮಾ. ಬೀದಿಯ ಇಕ್ಕೆಲದಲ್ಲಿ ಕಿತ್ತಳೆ ಮರಗಳಿದ್ದವು. ಯಾರೂ ನೋಡದಾಗ ಉಳಿದಿದ್ದ ಒಂದು ಹಣ್ಣು ಕಿತ್ತು ಬಾಯಿಗೆ ಹಾಕಿದೆ. ಅಂಥ ಕಹಿಯನ್ನು ನಾನು ಜನ್ಮದಲ್ಲಿ ತಿಂದಿರಲಿಲ್ಲ. ಅದಕ್ಕೇ ಯಾರೂ ಕೀಳುವುದಿಲ್ಲವಂತೆ. ಕೊನೆಗೆ ಗಂಗಕ್ಕನ ಗಂಟಿನಲ್ಲಿದ್ದ ಖಡಕ್ ರೊಟ್ಟಿ, ಶೇಂಗಾ ಹಿಂಡಿಯೇ ಗತಿಯಾಯಿತು.

ಮಧ್ಯಾಹ್ನವಾದರೆ ಊರಿಗೆ ಊರೇ ಬಾಗಿಲು ಹಾಕಿ ಮಲಗುತ್ತಿತ್ತು. ಗಂಗಕ್ಕನಿಗೆ ಇದು ದೊಡ್ಡ ಕೊರತೆಯಾಗಿ ಕಂಡಿತು. "ಹಗಲು ಮಲಗಿ ರಾತ್ರಿ ತಿರುಗೋ ಮಂದಿ" ಎಂದು ಮೂಗು ಮುರಿದಳು. ಗೊಬ್ಬೂರಿನಲ್ಲಿ ಉಂಡ ಮೇಲೆ ಅವಳು ಹೊಡೆಯುವ ಗೊರಕೆ ಓಣಿಗೆಲ್ಲ ಗೊತ್ತು.

ದೊಡ್ಡ ಮಸೀದಿಗೆ ಹೋದದ್ದು ಬುರಾನುದ್ದೀನನ ಕಾಟಕ್ಕೆ. ಅವನದು ನನ್ನ ಅಂಗಡಿಯ ಪಕ್ಕದಲ್ಲೇ ಹೊಲಿಗೆ ಅಂಗಡಿ. ಕಲಬುರಗಿ ಕೋಟೆಯ ಮಸೀದಿ ಈ ಮಸೀದಿಯ ಹಾಗಿದೆ ಎಂದು ನಮ್ಮ ಜಿಲ್ಲೆಯಲ್ಲಿ ಎಲ್ಲರೂ ಹೇಳುತ್ತಾರೆ, ಯಾರೂ ಎರಡನ್ನೂ ನೋಡಿರುವುದಿಲ್ಲ. ನೀನಾದರೂ ನೋಡಿ ಖಾತ್ರಿ ಮಾಡು ಎಂದು ಅವನು ಗಂಟುಬಿದ್ದಿದ್ದ. ಒಳಗೆ ಕಾಲಿಟ್ಟರೆ ಕಂಬಗಳ ಮೇಲೆ ಕಂಬ, ಕೆಂಪು ಬಿಳಿ ಪಟ್ಟೆಯ ಕಮಾನುಗಳು, ಎತ್ತ ನೋಡಿದರೂ ಮುಗಿಯುವುದೇ ಇಲ್ಲ. ವಿಡಿಯೋ ಕಾಲ್ ಹಚ್ಚಿ ಫೋನು ಮೇಲೆತ್ತಿದೆ.

"ಯಾ ಅಲ್ಲಾ! ಗುರುಲಿಂಗಣ್ಣಾ, ಇದು ನಮ್ಮ ಕೋಟಿ ಮಸೀದಿನ ಅದ!" ಎಂದು ಬುರಾನುದ್ದೀನ ಕೂಗಿದ್ದಕ್ಕೆ ಸುತ್ತಲಿನವರು ತಿರುಗಿ ನೋಡಿದರು.

"ನಮ್ಮದು ನೋಡಿ ಕಟ್ಯಾರೇನ?" ಎಂದಳು ಗಂಗಕ್ಕ.

"ಇಲ್ರಿ ಅಕ್ಕಾ, ಇದ ಹಳೇದಂತ. ಬೋರ್ಡಿನ್ಯಾಗ ಬರದಾರಂತ, ಸೀಮಾ ಓದಿದಳು" ಎಂದೆ ನಾನು.

"ಬೋರ್ಡ್ ಬರದೋರು ಯಾರು? ಅವರ ಮಂದಿನ ಅಲ್ಲೇನ?"

ಒಳಗೆ ಹೋದಂತೆ ಮಸೀದಿಯ ನಡುಮಧ್ಯದಲ್ಲೇ ಒಂದು ದೊಡ್ಡ ಚರ್ಚು ಎದ್ದು ನಿಂತಿತ್ತು. ಊರು ಗೆದ್ದ ಕ್ರೈಸ್ತ ರಾಜರು ಇದ್ದದ್ದನ್ನು ಪೂರ್ತಿ ಕೆಡವಲಾರದೆ ನಡುವೆ ತಮ್ಮದನ್ನು ಕಟ್ಟಿದರಂತೆ. ಗಂಗಕ್ಕ ಅದರ ಬಂಗಾರದ ಕೆಲಸವನ್ನು ಕಣ್ಣೆತ್ತಿಯೂ ನೋಡಲಿಲ್ಲ. ಎರಡೂ ಕೂಡುವ ಗೋಡೆಯನ್ನೇ ನೋಡುತ್ತ ನಿಂತು, "ಒಂದ ಮನಿಯಾಗ ಎರಡು ಒಲಿ ಹೂಡ್ಯಾರ. ನಮ್ಮ ಹುಡುಗಿ ಇಂಥಾ ಊರಾಗ ಹೆಂಗ ಬಾಳ್ವಿ ಮಾಡ್ತಾಳ?" ಎಂದಳು. ಸೀಮಾಳ ಮುಖ ಸಣ್ಣದಾಯಿತು. ಅವಳ ತಪ್ಪುಗಳ ಪಟ್ಟಿಯಲ್ಲಿ ಈಗ ರಾಜಮಹಾರಾಜರ ತಪ್ಪೂ ಸೇರಿತ್ತು.

ಮನೆ ನೋಡುವುದರಲ್ಲಿ ಮುಖ್ಯ ಕೆಲಸ ನೆರೆಹೊರೆಯವರನ್ನು ಕೇಳುವುದು. ಗಂಡಿನವರು ಇಲ್ಲದಾಗ ಕೇಳಬೇಕು, ಮಾತು ಬೇರೆಲ್ಲಿಂದಲೋ ಶುರು ಮಾಡಬೇಕು. ಗಂಗಕ್ಕ ಮಾತು ಅನುವಾದಿಸುವ ಫೋನು ನನ್ನ ಕೈಗೆ ಕೊಟ್ಟು, ಪಕ್ಕದ ಮನೆಯ ಮುದುಕನನ್ನು ಹಿಡಿದಳು. ಅವನು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಬಿಸಿಲು ಕಾಯುತ್ತಿದ್ದ.

"ಮಳಿ ಬೆಳಿ ಹೆಂಗ್ರಿ ಈ ಸಲ?" ಎಂದು ಶುರು ಮಾಡಿ, ಎರಡನೇ ಮಾತಿಗೇ, "ಪಕ್ಕದ ಮನಿ ಹುಡುಗ ಕುಡೀತಾನೇನ್ರಿ?" ಎಂದಳು.

ಕುಡಿಯದೆ ಇರುತ್ತಾನೆಯೇ, ಊಟಕ್ಕೆ ಕೂತರೆ ದ್ರಾಕ್ಷಾರಸ ಬೇಡವೇ ಎಂದಿತು ಫೋನು. ಗಂಗಕ್ಕ ಎದೆ ಮುಟ್ಟಿಕೊಂಡಳು.

"ಕುಡದು ಹೊಡೀತಾನೇನ?"

ಮುದುಕನಿಗೆ ಸಿಟ್ಟು ಬಂತು. ಹೊಡೆಯುವುದೇ? ಪಿಲಾರ್‌ಳ ಬೀದಿಗೋಡೆಯ ಕುಂಡದಿಂದ ನನ್ನ ತಲೆಯ ಮೇಲೆ ದಿನಾ ನೀರು ಸೋರುತ್ತದೆ, ನಾನು ದಿನಾ ಬೈಯುತ್ತೇನೆ, ಆ ಹುಡುಗ ದಿನಾ ಬಂದು ಒರೆಸುತ್ತಾನೆ, ತಾಯಿಯ ಜೊತೆ ಜಗಳಾಡಿದರೂ ಸಂಜೆಗೆ ಅವಳನ್ನು ಕೈಹಿಡಿದು ಹೊಳೆಯ ಸೇತುವೆಯತನಕ ತಿರುಗಾಡಿಸಿಕೊಂಡು ಬರುತ್ತಾನೆ. ಇಷ್ಟು ಹೇಳಿ ಅವನು ಕುರ್ಚಿ ಎತ್ತಿಕೊಂಡು ಒಳಗೆ ಹೋದ.

ಹುಡುಗ ಒಳ್ಳೆಯವನೆಂದು ಇನ್ನು ಯಾರಿಂದ ಹೇಳಿಸಬೇಕಿತ್ತು? "ಆತಲ್ರಿ ಅಕ್ಕಾ. ಮುಂಜಾನಿ ಆ ಜೇನಿನ ತಿಂಡಿ ಬಾಯಿಗೆ ಹಾಕ್ಕೊಂಡುಬಿಡ್ರಿ, ನಾನೂ ಹಾಕ್ಕೋತೇನಿ" ಎಂದೆ.

"ಸುಮ್ನಿರೋ ಹೊಟ್ಟಿಬಾಕಾ. ಇನ್ನೂ ಏನೋ ಇರ್ತದ, ಹುಡುಕಬೇಕು."

ಅವಳು ನಿಜಕ್ಕೂ ಹುಡುಕುತ್ತಲೇ ಇದ್ದಳು. ಮನೆಯ ಬಾಗಿಲು ಗಟ್ಟಿಯಿತ್ತು, ಹುಡುಗನ ಕೈಯಲ್ಲಿ ಕಸುಬಿತ್ತು, ಸೀಮಾಳ ಮೈಮೇಲೆ ಹೊಸ ಕಳೆ ಇತ್ತು. ಒಂದೊಂದು ಒಳ್ಳೆಯದು ಸಿಕ್ಕಿದಾಗಲೂ ಗಂಗಕ್ಕನ ಮುಖ ಇನ್ನಷ್ಟು ಬಾಡುತ್ತಿತ್ತು. ನನಗೆ ಅದರ ಅರ್ಥ ಹೊಳೆಯಲಿಲ್ಲ. ಹಸಿದವನಿಗೆ ಏನು ಹೊಳೆಯುತ್ತದೆ?

ನಾವು ಹೊರಡುವ ಹಿಂದಿನ ದಿನ ಪಿಲಾರ್ ಊಟಕ್ಕೆ ಕರೆದಳು. ಸೀಮಾ ಅಡುಗೆಮನೆಯಲ್ಲಿ ಅವಳಿಗೆ ನೆರವಾಗುತ್ತಿದ್ದಳು. ಪಾಲಕ ಸೊಪ್ಪಿನ ಜೊತೆ ಬೇಯಿಸಿದ ಕಡಲೆ ಬಂತು, ಹಂದಿ ಇಲ್ಲ ಎಂದು ಲೊರೆನ್ಸೊ ಎದೆ ಮುಟ್ಟಿ ಆಣೆ ಹಾಕಿದ. ಗಂಗಕ್ಕ ರೊಟ್ಟಿ ಮುರಿದು ಅದರಲ್ಲಿ ಅದ್ದಿ ತಿಂದಳು, ಬೈಯಲಿಲ್ಲ. ಆಮೇಲೆ ಬದನೆಕಾಯಿ ಬಂತು. ತೆಳ್ಳಗೆ ಹೆಚ್ಚಿ, ಹಿಟ್ಟಿನಲ್ಲಿ ಹೊರಳಿಸಿ, ಗರಿಗರಿಯಾಗಿ ಕರಿದದ್ದು. ಬದನೆಕಾಯಿಯನ್ನು ನೋಡಿ ನನ್ನ ಕಣ್ಣಲ್ಲಿ ನೀರು ಬಂತು. ಮೇಲೆ ಕಪ್ಪಗೆ ಏನೋ ಸುರಿದಿದ್ದರು, ಹುಣಸೆಹುಳಿ ಇರಬೇಕೆಂದುಕೊಂಡೆ. ಎರಡು ಹೋಳು ಒಟ್ಟಿಗೇ ಬಾಯಿಗೆ ಹಾಕಿದೆ.

ಕಬ್ಬಿನ ಪಾಕ! ಅಪ್ಪಟ ಕಾಕಂಬಿ! ಅವರ ಲೆಕ್ಕದಲ್ಲಿ ಅದು ಸಿಹಿಯೇ ಅಲ್ಲವಂತೆ, ಪಲ್ಯವಂತೆ. ಬದನೆಕಾಯಿಗೆ ಬೆಲ್ಲದ ಪಾಕ ಸುರಿಯುವ ಜನರನ್ನು ದೇವರೇ ನೋಡಿಕೊಳ್ಳಬೇಕು. ಉಗುಳಬೇಕಿತ್ತು. ಆದರೆ ನಾಲಗೆ ನನ್ನ ಮಾತು ಕೇಳಲಿಲ್ಲ. ನುಂಗಿದೆ, ಬೆರಳನ್ನೂ ನೆಕ್ಕಿದೆ.

"ಮಾಮಾ!" ಎಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ಸೀಮಾ ಕಿರುಚಿದಳು.

ಗಂಗಕ್ಕ ತಟ್ಟೆಗೆ ಬೆರಳು ಹಚ್ಚಿ ಮೂಸಿ ನೋಡಿದಳು. "ಸೋದರಮಾವ ಸಿಹಿ ತಿಂದಾ! ಎಲ್ಲಾ ಹಾಳ ಮಾಡಿದೆಲ್ಲೋ!"

ಲೊರೆನ್ಸೊಗೆ ಕನ್ನಡ ಬರುವುದಿಲ್ಲ. ಆದರೆ ಹೆಣ್ಣಿನವರು ಸಿಹಿ ತಿಂದದ್ದು ಅವನ ಕಣ್ಣಿಗೆ ಬಿದ್ದಿತ್ತು, ಪದ್ಧತಿಯೂ ಗೊತ್ತಿತ್ತು. ಕುರ್ಚಿ ಉರುಳಿಬೀಳುವ ಹಾಗೆ ಎದ್ದು, ನನ್ನನ್ನು ಬಾಚಿ ತಬ್ಬಿಕೊಂಡ. ಸೀಮಾ ಬೇಡ ಬೇಡ ಎನ್ನುತ್ತ ಓಡಿಬರುವಷ್ಟರಲ್ಲಿ ಅವನು ತಾಯಿಯ ಎರಡೂ ಕೈ ಹಿಡಿದು ಸ್ಪ್ಯಾನಿಷಿನಲ್ಲಿ ಗಡಗಡ ಏನೋ ಹೇಳಿಬಿಟ್ಟ. ಪಿಲಾರ್‌ಳ ಮುಖದ ನಗು ಹಾಗೇ ನಿಂತಿತು. ಕೈ ಬಿಡಿಸಿಕೊಂಡು ಅಂಗಳಕ್ಕೆ ಹೋದಳು.

"ಏನಂದ ಅಂವ?" ಗಂಗಕ್ಕ ಕೇಳಿದಳು.

ಸೀಮಾ ತಲೆ ತಗ್ಗಿಸಿದಳು. "ಅತ್ತಿ, ನನಗ ಕಡಗಂಚ್ಯಾಗ ಕೆಲಸ ಸಿಕ್ಕದ. ಮದುವಿ ಆದಮ್ಯಾಲ ಇಬ್ಬರೂ ಅಲ್ಲೇ ಬರ್ತೇವಿ. ಅವನ ಕಸುಬು ಅಲ್ಲಿ ಮಾಡಾಕೂ ಆಗ್ತದ. ನೀ ಒಪ್ಪಿದ ಮ್ಯಾಲ ತನ್ನ ಅವ್ವಗ ಹೇಳ್ತೇನಿ ಅಂತ ತಡದಿದ್ದ, ಈಗ ಹೇಳಿಬಿಟ್ಟ."

"ನನಗ್ಯಾಕ ಹೇಳಲಿಲ್ಲ ಬೇ?"

"ಊರಿಗೆ ಬರ್ತೇನಿ ಅಂದಿದ್ರ ಹುಡುಗನ್ನ ನೋಡದನ ಹೂಂ ಅಂತಿದ್ದಿ. ಅವನ್ನ ನೋಡಿ ನೀ ಹೂಂ ಅನಬೇಕಿತ್ತು ನನಗ."

ಗಂಗಕ್ಕ ಅಂಗಳದ ಕಡೆ ನೋಡಿದಳು. ಹುಡುಗಿ ದೂರವಾಗುತ್ತಾಳೆಂದು ಬಂದ ದಿನದಿಂದ ಒಳಗೊಳಗೇ ಕುದಿಯುತ್ತಿದ್ದವಳು, ಈಗ ಕುಣಿಯಬೇಕಿತ್ತು. ಕುಣಿಯಲಿಲ್ಲ. ಅಂಗಳದಲ್ಲಿ ಪಿಲಾರ್ ಕೋಲು ಹಿಡಿದು ಒಂದೇ ಕುಂಡಕ್ಕೆ ನೀರು ಹಾಕುತ್ತಲೇ ಇದ್ದಳು. ನೀರು ತುಂಬಿ ಗೋಡೆಗುಂಟ ಇಳಿಯುತ್ತಿತ್ತು.

"ಅಂದ್ರ ನಾವು ನೋಡಬೇಕಾದದ್ದು ಈ ಮನಿ ಅಲ್ಲ" ಎಂದಳು ಗಂಗಕ್ಕ ಕೊನೆಗೆ. "ಮಗನ್ನ ಕೊಡಾಕಿ ಆಕಿ. ಮನಿ ನೋಡಬೇಕಾದಾಕಿ ಆಕಿ."

ಎದ್ದು ಅಂಗಳಕ್ಕೆ ಹೋಗಿ, ಪಿಲಾರ್‌ಳ ಕೈಯಿಂದ ಕೋಲು ತೆಗೆದುಕೊಂಡು ಗೋಡೆಗೆ ಆನಿಸಿದಳು. "ಸೀಮಾ, ಹೇಳವ್ವಾ. ನಮ್ಮೂರಿಗೆ ಬಂದು ಮನಿ ನೋಡ್ರಿ ಅನ್ನು. ಒಪ್ಪಿಗಿ ಆದ್ರ ಸಿಹಿ ತಿನ್ನಲಿ. ಅಲ್ಲೀತನಕ ನಾನೂ ತಿನ್ನಂಗಿಲ್ಲ." ನನ್ನ ಕಡೆ ತಿರುಗಿ, "ಈ ಬದನಿಕಾಯಿ ಲೆಕ್ಕಕ್ಕಿಲ್ಲ" ಎಂದಳು.

ಸೀಮಾ ಹೇಳಿದಳು. ಪಿಲಾರ್ ಕಣ್ಣೊರೆಸಿಕೊಂಡು, ಗಂಗಕ್ಕನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಹೂಂ ಎಂದಳು.

ದೀಪಾವಳಿ ಮುಗಿದು ಜೋಳ ಮೊಳಕಾಲುದ್ದ ಬಂದಾಗ ಪಿಲಾರ್ ಮಗನೊಂದಿಗೆ ಗೊಬ್ಬೂರಿಗೆ ಬಂದಳು. ಅಯ್ಯೋ, ಗಂಗಕ್ಕನ ಪಾಡು! ಗೋಡೆಗೆ ಸುಣ್ಣ ಬಳಿಸಿದ್ದೇನು, ದನದ ಕೊಟ್ಟಿಗೆಯನ್ನು ಮತ್ತೆ ಮತ್ತೆ ತೊಳೆಸಿದ್ದೇನು! ಪಿಲಾರ್ ಕಟ್ಟುನಿಟ್ಟಿನ ಹೆಂಗಸು. ಕಡಗಂಚಿಯಲ್ಲಿ ಸೀಮಾ ಕೆಲಸಕ್ಕೆ ಸೇರಿ ಹಿಡಿದಿದ್ದ ಬಾಡಿಗೆ ಮನೆಯ ನಲ್ಲಿ ತಿರುಗಿಸಿ ನೋಡಿದಳು, ಕಿಟಕಿ ಅಲ್ಲಾಡಿಸಿದಳು, ಬಚ್ಚಲಿಗೆ ಮೂಗು ಮುಚ್ಚಿಕೊಂಡಳು. ಘತ್ತರಗಿಗೆ ಹೋಗಿ ಭಾಗ್ಯವಂತಿ ದೇವಿಗೆ ಕೈಮುಗಿದಳು, ಪ್ರಸಾದದ ಸಕ್ಕರೆಯನ್ನು ಮಾತ್ರ ಕಾಗದದಲ್ಲಿ ಕಟ್ಟಿಟ್ಟುಕೊಂಡಳು. ಬುರಾನುದ್ದೀನನ ಹೆಂಡತಿ ನಜಮುನ್ನಿಸಾ ಊಟಕ್ಕೆ ಕರೆದರೆ ಬಿರಿಯಾನಿ ಎರಡು ಸಲ ಹಾಕಿಸಿಕೊಂಡು, ಖೀರಿನ ಬಟ್ಟಲಿಗೆ ಕೈಮುಗಿದು ಪಕ್ಕಕ್ಕೆ ಸರಿಸಿದಳು. ಥೇಟು ಗಂಗಕ್ಕನ ಹಾಗೆ.

ಆಮೇಲೆ ಫೋನು ಹಿಡಿದು ಓಣಿಗೆ ಇಳಿದಳು. ಎದುರುಮನೆಯ ಮಾಳಮ್ಮನಿಗೆ ಇಂಥ ದಿನ ಬರಲೆಂದೇ ಕಾದಿದ್ದ ಹಾಗಿತ್ತು. ಕಟ್ಟೆಯ ಮೇಲೆ ಕೂರಿಸಿಕೊಂಡು, "ಗಂಗವ್ವನ ಬಾಯಿ ಕೆಟ್ಟದ್ದು ನೋಡ್ರಿ. ಯಾರನ್ನೂ ಬಿಡಂಗಿಲ್ಲ. ಆದ್ರ ತಾಯಿಲ್ಲದ ಕೂಸಿನ್ನ ಬೆನ್ನಿಗೆ ಕಟ್ಟಿಕೊಂಡು ಕಳೇ ತಗದಾಳ. ಆ ಕೂಸಿನ್ನ ಬಯ್ದದ್ದು ಮಾತ್ರ ನಾ ಕೇಳಿಲ್ಲ" ಎಂದಳು. ಬಾಗಿಲ ಸಂದಿಯಿಂದ ಗಂಗಕ್ಕ ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಬಾಯಿ ಕೆಟ್ಟದ್ದು ಎಂದದ್ದಕ್ಕೆ ಮಾಳಮ್ಮನನ್ನು ಆಮೇಲೆ ವಿಚಾರಿಸಿಕೊಂಡಳು ಎನ್ನುವುದು ಬೇರೆ ಮಾತು.

ಕೊನೆಯ ದಿನ ಗಂಗಕ್ಕ ಹೋಳಿಗೆ ಮಾಡಿ, ತುಪ್ಪ ಹಾಕಿ ಪಿಲಾರ್‌ಳ ಮುಂದಿಟ್ಟಳು. ಪಿಲಾರ್ ತಟ್ಟೆ ನೋಡುತ್ತ ಕೂತಳು. ತುಪ್ಪ ಆರಿ ಬಿಳಿಚಿಕೊಂಡಿತು. ಲೊರೆನ್ಸೊ ಉಗುರು ಕಚ್ಚುತ್ತಿದ್ದ, ಸೀಮಾ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡಿದ್ದಳು. ಪಿಲಾರ್ ಒಲ್ಲೆ ಎಂದರೆ ಎಲ್ಲ ಮುಗಿಯಿತು.

"ಎಲ್ಲಾರೂ ಹೊರಗ ನಡೀರಿ" ಎಂದಳು ಗಂಗಕ್ಕ. ಎಲ್ಲರೂ ಹೋದರು. ನಾನು ಕಿಟಕಿಯ ಬಳಿ ನಿಂತೆ.

ಗಂಗಕ್ಕ ಪಿಲಾರ್‌ಳ ಪಕ್ಕದಲ್ಲಿ ಚಾಪೆಯ ಮೇಲೆ ಕೂತಳು. ಫೋನು ತೆಗೆಯಲಿಲ್ಲ. ಒಂದು ಅಕ್ಷರ ತಿಳಿಯದ ಆ ಹೆಂಗಸಿಗೆ, ನಿಧಾನವಾಗಿ, ಗೊಬ್ಬೂರಿನ ಕನ್ನಡದಲ್ಲೇ ಹೇಳಿದಳು.

"ನನಗ ಗೊತ್ತದ ತಂಗಿ. ನಿಮ್ಮ ಮನಿಯಾಗ ನಾನೂ ಹಿಂಗ ಕೂತಿದ್ದೆ. ಏನರ ಒಂದು ಕೊರತಿ ಸಿಗಲಿ ಅಂತ ಹುಡುಕೇ ಹುಡುಕಿದೆ, ಸಿಗಲಿಲ್ಲ. ಕೆಟ್ಟ ಮನಿ ಆಗಿದ್ರ ಹಗುರ ಇತ್ತು, ಒಲ್ಲೆ ಅಂದು ಕರಕೊಂಡು ಬರ್ತಿದ್ದೆ. ಛಲೋ ಮನಿ ಆದಮ್ಯಾಲ ಏನಂತ ಬ್ಯಾಡ ಅನ್ನೂದು?"

ಪಿಲಾರ್ ಅವಳ ಮುಖವನ್ನೇ ನೋಡುತ್ತಿದ್ದಳು. ಗಂಗಕ್ಕನ ಕಣ್ಣಿಂದ ನೀರು ಇಳಿದು ಗದ್ದಕ್ಕೆ ಬಂದಿತ್ತು, ಅವಳು ಒರೆಸಿಕೊಳ್ಳಲಿಲ್ಲ. ಪಿಲಾರ್ ಹೋಳಿಗೆ ಎತ್ತಿಕೊಂಡಳು. ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡಳು. ನುಂಗಲು ಬಹಳ ಹೊತ್ತು ಹಿಡಿಯಿತು.